ಭಾಷಣದ ನಡುವೆ ಬಂದ ಶಾಲು

ಲೊರೆಶೋ, ನೈರೋಬಿ
24 ನವೆಂಬರ್ 2015

ಪ್ರೀತಿಯ ಅಕ್ಕನಿಗೆ ವಿನೋದಿನಿಯ ನಮಸ್ಕಾರಗಳು.

ದೀಪಾವಳಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ನಮ್ಮನೆಯವರು ಪಕ್ಕದಲ್ಲೇ ಇರುತ್ತಾರೆ. ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯಿಂದ ಜಾಮ್ ದಾಟಿ ಮನೆ ಸೇರುವಷ್ಟರಲ್ಲಿ ಇವರಿಗೆ ಸಾಕುಸಾಕಾಗುತ್ತದೆ. ನನಗೆ ಮಾತ್ರ ಮೊನ್ನೆ ಭಾನುವಾರದಿಂದ ಮೈಯೆಲ್ಲ ಉರಿಯುತ್ತಿದೆ.

ಅವತ್ತು ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಫಿಲೋಮಿನಾ ನೆನಪಿದ್ದಾಳಲ್ಲ, ನೀನು ಬಂದಾಗ ನೀರುದೋಸೆ ಮಾಡಿ ಬಡಿಸಿದ ಮಂಗಳೂರಿನವಳು? ಇಲ್ಲಿನ ಮಕ್ಕಳಿಗೆ ನಾಡಗೀತೆ ಬಾಯಿಪಾಠ ಮಾಡಿಸಿದ್ದೇ ಅವಳು. ಈ ಸಲ ಅವಳು ಹಾಡಿಸಕೂಡದಂತೆ. ಇಲ್ಲಿನ ಕಿಲಿಮಾನಿ ಬಡಾವಣೆಯ ಶ್ರೀಹರಿ ಮತ್ತು ಅವನ ಗೆಳೆಯರು ‘ರಾಜಪಡೆ’ ಕಟ್ಟಿಕೊಂಡಿದ್ದಾರೆ. ಎದೆಯ ಮೇಲೆ ಕಿರೀಟದ ಚಿತ್ರವಿರುವ ಟೀ ಶರ್ಟು, ಬಾಯಲ್ಲಿ ಹಳೆಯ ರಾಜರ ಜಯಕಾರ. ಮನೆಯಲ್ಲಿ ಕೊಂಕಣಿ ಮಾತಾಡಿ ಚರ್ಚಿಗೆ ಹೋಗುವವರು ಅಸಲಿ ಕನ್ನಡಿಗರಲ್ಲವೆಂದು ಅವರ ತೀರ್ಮಾನ. ಶ್ರೀಹರಿಯ ಮಗಳು ಅಪ್ಪನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ಅದು ಬೇರೆ ಮಾತು. ಸಮಿತಿಯವರು ಫಿಲೋಮಿನಾಳ ಹೆಸರನ್ನು ಕಾರ್ಯಕ್ರಮದ ಪಟ್ಟಿಯಿಂದ ತೆಗೆದರು.

ಇತಿಹಾಸದ ಟೀಚರೆಂದು ನನ್ನನ್ನು ಭಾಷಣಕ್ಕೆ ಕರೆದಿದ್ದರು. ನಾನು ರಷ್ಯಾದ ವಿಷಯ ಎತ್ತಿಕೊಂಡೆ. 1905ರಲ್ಲಿ ಅಲ್ಲಿನ ಸಾಮ್ರಾಜ್ಯ ಜಪಾನಿನ ಕೈಲಿ ಸೋತು, ಒಳಗೂ ದಂಗೆಯೆದ್ದು ಕುಸಿಯುತ್ತಿದ್ದಾಗ ‘ಕಪ್ಪು ನೂರು’ ಎಂಬ ರಾಜಭಕ್ತರ ಗುಂಪುಗಳು ತಲೆಯೆತ್ತಿದವು. ಝಾರ್ ದೊರೆಯ ಪಟ ಹೊತ್ತು ಮೆರವಣಿಗೆ ಹೊರಟು, ಯೆಹೂದಿಗಳ ಮನೆ, ಅಂಗಡಿಗಳಿಗೆ ನುಗ್ಗಿ ದೋಚಿದರು, ಕೊಂದರು. ಹಲವು ಕಡೆ ಪೊಲೀಸರು ನೋಡುತ್ತ ನಿಂತಿದ್ದರು. ದೊರೆ ಅವರ ಸಂಘದ ಬಿಲ್ಲೆಯನ್ನು ತನಗೂ ತನ್ನ ಮಗನಿಗೂ ಇಸಿದುಕೊಂಡ. ರಾಜ್ಯ ಕುಸಿಯುವುದಕ್ಕೆ ಕಾರಣ ಆಳುವವರಲ್ಲ, ಪಕ್ಕದ ಮನೆಯವನು ಎಂದು ನಂಬಿಸಿದರೆ ಆಳುವವರಿಗೆಷ್ಟು ಅನುಕೂಲ ನೋಡು.

ಇಷ್ಟು ಹೇಳಿ 1917ಕ್ಕೆ ಬರುತ್ತಿದ್ದೆ. ಅಷ್ಟರಲ್ಲಿ ಶ್ರೀಹರಿ ಇನ್ನೊಂದು ಮೈಕ್ ಹಿಡಿದು, “ಮೇಡಂ ತುಂಬಾ ಚೆನ್ನಾಗ್ ಮಾತಾಡಿದ್ರು, ಈಗ ಅವರಿಗೆ ಸನ್ಮಾನ” ಎಂದ. ಮಾತು ಬಾಯಲ್ಲಿರುವಾಗಲೇ ಹೆಗಲಿಗೆ ಶಾಲು, ಕೊರಳಿಗೆ ಹಾರ, ಕೈಗೆ ಹಣ್ಣಿನ ತಟ್ಟೆ. ನಮ್ಮಲ್ಲಿ ಸನ್ಮಾನ ಬೇಡವೆಂದವಳು ಅಹಂಕಾರಿಯಲ್ಲವೇ? ಬೈದು ಇಳಿಸಿದ್ದರೆ ಜಗಳವಾಡುತ್ತಿದ್ದೆ. ಅವರು ಗೌರವಿಸಿ ಬಾಯಿ ಮುಚ್ಚಿಸಿದರು. ಹಿಂದಿನ ಸಾಲಿನಲ್ಲಿ ಫಿಲೋಮಿನಾ ಕೂಡ ಚಪ್ಪಾಳೆ ತಟ್ಟುತ್ತಿದ್ದಳು. ಆಮೇಲೆ ಹತ್ತಿರ ಬಂದು, “ಬಿಡಿ ಮಾರಾಯ್ರೆ, ನನಗೋಸ್ಕರ ನೀವು ಯಾಕೆ ಎಲ್ಲರ ಹತ್ರ ನಿಷ್ಠುರ ಮಾಡಿಕೊಳ್ಳುದು?” ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಹೇಳದೆ ಉಳಿದದ್ದು ಇಷ್ಟೇ. ರಾಜನಿಗಾಗಿ ಪ್ರಾಣ ಕೊಡುತ್ತೇವೆಂದು ಕೂಗುತ್ತಿದ್ದ ಆ ಗುಂಪುಗಳು, 1917ರಲ್ಲಿ ದೊರೆ ಪಟ್ಟದಿಂದಿಳಿದಾಗ ಅವನ ನೆರವಿಗೆ ಬರಲಿಲ್ಲ. ಬರುವ ಭಾನುವಾರ ಸಂಘದ ಸಭೆಯಿದೆ. ಇದನ್ನೂ ಹೇಳುತ್ತೇನೆ, ಫಿಲೋಮಿನಾಳ ಹಾಡು ಯಾಕೆ ನಿಲ್ಲಿಸಿದಿರೆಂದೂ ಕೇಳುತ್ತೇನೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಗಳು ಪ್ರಗತಿಗೆ ಆಶೀರ್ವಾದ, ಅವಳ ಪರೀಕ್ಷೆ ಚೆನ್ನಾಗಿ ಆಗಲಿ.

ನಿನ್ನ
ವಿನು

ತಾ.ಕ.: ಮನೆಗೆ ಬಂದು ಆ ಶಾಲನ್ನು ಮಡಿಸುವಾಗ ಮೂಲೆಯಲ್ಲಿ ನಾನೇ ಹಾಕಿದ ಹೊಲಿಗೆ ಕಂಡಿತು. ಇವರ ಐವತ್ತನೆಯ ಹುಟ್ಟುಹಬ್ಬಕ್ಕೆ ನೀನು ಕಳಿಸಿದ್ದ ಶಾಲು ಅದು, ನಮ್ಮ ಬೀರುವಿನದೇ. ಹಿಂದಿನ ದಿನ ನನ್ನ ಭಾಷಣ ಪೂರ್ತಿ ಕೇಳಿ ಚೆನ್ನಾಗಿದೆ ಎಂದವರೂ ಇವರೇ. ಕೇಳಿದ್ದಕ್ಕೆ, “ಶ್ರೀಹರಿ ಕೇಳ್ದ, ಕೊಟ್ಟೆ. ನಾಳೆ ನಾವೂ ಇಲ್ಲೇ ಇರ್ಬೇಕಲ್ಲ ಕಣೆ” ಎಂದರು. ಭಾನುವಾರ ಅದನ್ನೇ ಹೊದ್ದು ಹೋಗುತ್ತೇನೆ ಅಕ್ಕ. ಇವರು ಜೊತೆಗೆ ಬರುತ್ತಾರೋ ಇಲ್ಲವೋ, ಕೇಳಿಲ್ಲ.