ಮಗ್ಗ ನಿಂತ ಒಂದು ತಾಸು

ರಬಕವಿ, ಜೂನ್ ೧೪, ಶನಿವಾರ

ಇತಿಹಾಸಕಾರರು ದಯಮಾಡಿ ಗುರುತು ಹಾಕಿಕೊಳ್ಳಲಿ: ಇಂದು ಸಂಜೆ ಅವ್ವ ಟಿವಿ ನೋಡುವ ಸಲುವಾಗಿ ಒಂದು ತಾಸು ಪವರ್‌ಲೂಮ್ ಬಂದ್ ಮಾಡಿದಳು.

ತಂಗಿ ಸ್ನೇಹಾ ಯಂತ್ರ ನೋಡಿಕೊಳ್ಳುವ ಹಡಗಿನ ಸಾಕ್ಷ್ಯಚಿತ್ರವಿತ್ತು. ಸಮುದ್ರದ ತಳದಿಂದ ಅದಿರು ಎತ್ತುವ ಹಡಗು. ಏಳು ದೇಶಗಳ ನಲವತ್ತು ಗಂಡಸರ ನಡುವೆ ಇವಳೊಬ್ಬಳೇ ಹುಡುಗಿ. "ಅಷ್ಟು ಮಂದ್ಯಾಗ ನಮ್ಮ ಹುಡುಗೀನ ಯಾರ್ ಲೆಕ್ಕಕ್ಕ ಹಿಡೀತಾರಲೇ?" ಎಂದು ಅವ್ವ ಎರಡು ವರ್ಷದಿಂದ ಕೊರಗುತ್ತಿದ್ದಳು.

ಚಿತ್ರದಲ್ಲಿ ಎಲ್ಲರೂ ಯಂತ್ರಗಳ ಗದ್ದಲಕ್ಕೆ ನಿದ್ದೆಯಿಲ್ಲವೆಂದು ಗೋಳಾಡಿದರು. ಫಿಲಿಪೀನ್ಸಿನ ಹಿರಿಯ ಎಂಜಿನಿಯರ್ ಮಾತ್ರ ನಕ್ಕ. ಅವನ ಮಾತನ್ನು ಅವ್ವನಿಗೆ ನಾನೇ ತಿಳಿಸಿ ಹೇಳಿದೆ: "ಸ್ನೇಹಾ ಗದ್ದಲದಲ್ಲೇ ಗಡದ್ದಾಗಿ ಮಲಗುತ್ತಾಳೆ. ಅದಿರೆತ್ತುವ ಪಂಪು ನಿಂತರೆ ಮಾತ್ರ ಎಚ್ಚರಿಕೆಯ ಗಂಟೆ ಹೊಡೆಯುವ ಮೊದಲೇ ಎದ್ದು ಓಡಿಬರುತ್ತಾಳೆ. ಅವಳಿದ್ದರೆ ನಮಗೆಲ್ಲ ಧೈರ್ಯ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಟಿವಿಗೇ ಗದರಿದಳು: "ಏಳದ ಏನ್ ಮಾಡ್ತಾಳ? ಮಗ್ಗದ ಬಾಜೂಕ ತೊಟ್ಲಾ ಕಟ್ಟಿ ಬೆಳಿಸೇನಿ! ಎಳಿ ಹರದು ಮಗ್ಗ ನಿಂತ್ರ ನನಗಿಂತ ಮೊದಲ ಕೂಸಿಗೆ ಎಚ್ಚರ ಆಗತಿತ್ತು."

ನಾನೂ ಅದೇ ತೊಟ್ಟಿಲಿನವನು. ಮಗ್ಗ ನಿಂತರೆ ನನಗೂ ಎಚ್ಚರವಾಗುತ್ತದೆ. ಆದರೆ ಓಡುವುದಿಲ್ಲ, ಗೊಣಗುತ್ತೇನೆ. ಎದೆ ಮಾತ್ರ ಇಂದು ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿದೆ.

ಅವ್ವಾ, ನೀನು ಇದನ್ನು ಕದ್ದು ಓದುತ್ತೀ ಎಂದು ಗೊತ್ತು. ನಾಳೆ ರವಿವಾರ. ದಯವಿಟ್ಟು ಎಂಟು ಗಂಟೆಯವರೆಗೆ ಮಗ್ಗ ನಿಲ್ಲಿಸಬೇಡ, ನಾನು ಮಲಗಬೇಕು.