ಒಂದು ಮೊಳ ಮಲ್ಲಿಗೆ

ಮಾಗಳ
ಭಾನುವಾರ, ಚರ್ಚಿನಿಂದ ಬಂದ ಮೇಲೆ

ಮಾವನವರಿಗೆ ರಾಹೇಲಳ ವಂದನೆಗಳು. ಮದುವೆಗೆ ಇನ್ನೂ ಹದಿನೈದು ದಿನವಿದೆ, ಆದರೂ ಈಗಿನಿಂದಲೇ ಹಾಗೆ ಕರೆದು ರೂಢಿ ಮಾಡಿಕೊಳ್ಳುತ್ತಿದ್ದೇನೆ.

ಹರಪನಹಳ್ಳಿಯ ನಿಮ್ಮ ಸಭೆಯಲ್ಲಿ ಹೂ ಮುಡಿದ ವಧುವಿಗೆ ಮದುವೆ ಮಾಡಿಸುವುದಿಲ್ಲವೆಂದು, ಪಾಸ್ಟರ್ ಆಗಿ ನೀವೇ ಹೇಳಿ ಕಳಿಸಿದ್ದೀರಿ. ಒಡವೆ ಬಿಡುತ್ತೇನೆ, ಬಳೆಯನ್ನೂ ಬಿಡುತ್ತೇನೆ. ಒಂದು ಮೊಳ ಮಲ್ಲಿಗೆಗೆ ಮಾತ್ರ ಅಪ್ಪಣೆ ಕೊಡಿ. ನಮ್ಮದು ಹೂವಿನ ತೋಟದ ಮನೆ. ಇಲ್ಲಿಯ ನಮ್ಮ ಹಳೇ ಚರ್ಚಿನಲ್ಲಿ ಶಿಲುಬೆಗೂ ನಮ್ಮದೇ ಮಾಲೆ. ನಿಮ್ಮ ಮಾತು ಕೇಳಿ ನಮ್ಮಜ್ಜಿ, "ಮುಡಿಯೋದು ಪಾಪ ಅಂದ್ರ, ಅದನ್ನ ಅರಳಿಸಿದಾತಂದು ಏನಂತ ಕೇಳವ್ವ" ಅಂದಳು. ಕೇಳಿದ್ದೇನೆ.

ನನ್ನ ನಂಬಿಕೆ ಎಷ್ಟು ಗಟ್ಟಿ ಎಂದೂ ವಿಚಾರಿಸಿದ್ದಿರಿ. ಸುಳ್ಳು ಹೇಳಲಾರೆ. ದೇವರು ಇದ್ದಾನೋ ಇಲ್ಲವೋ ಎಂಬ ಅನುಮಾನ ಚರ್ಚಿನಲ್ಲಿ ಕೂತಾಗಲೇ ಎಷ್ಟೋ ಸಲ ಬಂದಿದೆ. ನಿಮ್ಮ ಸಭೆಗೆ ಬಂದು ಕೇಳಿದ ನಿಮ್ಮ ಎರಡು ತಾಸಿನ ಪ್ರಸಂಗದಲ್ಲಿ ಎರಡು ಸಲ ಬಂತು. ನಸುಕಿನಲ್ಲಿ ಮೊಗ್ಗು ಬಿಡಿಸುವಾಗ ಮಾತ್ರ ಒಮ್ಮೆಯೂ ಬಂದಿಲ್ಲ.

ಒಪ್ಪಿದರೆ ನಿಮ್ಮ ಮಗ ಎಲೀಶನಿಂದ ಒಂದು ಫೋನು ಮಾಡಿಸಿ. ಒಪ್ಪದಿದ್ದರೆ, ಅದನ್ನು ಹೇಳುವ ಮುಂಚೆ ಅತ್ತೆಯವರ ಬೈಬಲ್ ಒಮ್ಮೆ ಬಿಚ್ಚಿ ನೋಡಿ. ಹೋದ ತಿಂಗಳು ತೋಟಕ್ಕೆ ಬಂದಾಗ ನನ್ನಿಂದ ನಾಲ್ಕು ಮೊಗ್ಗು ಇಸಿದುಕೊಂಡು ಅದರೊಳಗೆ ಇಟ್ಟುಕೊಂಡರು. ದಯವಿಟ್ಟು ಬೈಯಬೇಡಿ. "ಹೂ ಮುಡದು ಮೂವತ್ತು ವರ್ಷ ಆತವ್ವ," ಅಂದರು. "ವಾಸನಿನಾರ ಇರ್ಲಿ."

ನಿಮ್ಮ ಸೊಸೆಯಾಗಲು ಕಾದಿರುವ
ರಾಹೇಲ