ಯಾಕೂಬ್ ಚಾಚಿದ ತೋಳು

ಕೊಪ್ಪ, ಜುಲೈ 1983. ರಂಜಾನ್ ಹಬ್ಬ.

ಯಾಕೂಬನ ಮುಖ ಕಣ್ಣಿಂದ ಹೋಗುತ್ತಿಲ್ಲ.

ನಮಾಜು ಮುಗಿದದ್ದೇ ಈದ್ಗಾದಲ್ಲಿ ಎರಡೂ ತೋಳು ಚಾಚಿಕೊಂಡು ಬಂದ. ಚಿಕ್ಕಂದಿನ ಗೆಳೆಯ, ಅಂದಿನಿಂದಲೂ ಹಬ್ಬದ ಮೊದಲ ಅಪ್ಪುಗೆ ಅವನದೇ. ನಾನು ಹಿಂದೆ ಸರಿದು ಬರೀ ಕೈ ಕೊಟ್ಟೆ.

“ಎಂತ ಮಾರಾಯ, ನನ್ನ ಮೇಲೆ ಸಿಟ್ಟಾ?” ಎಂದ.

“ಸಿಟ್ಟೆಂತದು, ಮೈ ಸರಿ ಇಲ್ಲ” ಎಂದೆ. ಅವನು ನಂಬಲಿಲ್ಲ.

ಹೇಗೆ ಹೇಳಲಿ? ಪ್ರಾಸ್ಟೇಟ್ ಕ್ಯಾನ್ಸರಿಗೆ ಡಾಕ್ಟರು ಕೊಟ್ಟಿರುವುದು ಹೆಂಗಸರ ಹಾರ್ಮೋನಿನ ಮಾತ್ರೆ. ಈಸ್ಟ್ರೋಜೆನ್ ಅಂತೆ. ಗೆಡ್ಡೆ ಬೆಳೆಯದ ಹಾಗೆ ತಡೆಯುತ್ತದಂತೆ. ಸುಳ್ಳಲ್ಲ, ಸೊಂಟದ ನೋವು ಇಳಿದಿದೆ. ಆದರೆ ಎದೆ ಎರಡೂ ಕಡೆ ಊದಿಕೊಂಡಿದೆ, ಅಂಗಿ ತಾಗಿದರೂ ನೋಯುತ್ತದೆ. ಅಪ್ಪಿಕೊಂಡಿದ್ದರೆ ಯಾಕೂಬನಿಗೆ ತಿಳಿದೇ ಬಿಡುತ್ತಿತ್ತು.

ನನ್ನವಳು ಮಾಸೂಮಾ ಬದುಕಿದ್ದರೆ ಅವಳೊಬ್ಬಳಿಗೆ ತೋರಿಸುತ್ತಿದ್ದೆ. ಮೊದಲು ನಗುತ್ತಿದ್ದಳು, ಆಮೇಲೆ ಸಡಿಲವಾದ ಅಂಗಿ ಹೊಲಿದು ಕೊಡುತ್ತಿದ್ದಳು. ಅವಳು ಹೋದ ಮೇಲೆ ನನ್ನನ್ನು ಯಾರಾದರೂ ಅಪ್ಪಿಕೊಳ್ಳುವುದು ಹಬ್ಬದ ದಿನ ಮಾತ್ರ. ಇವತ್ತು ಅದನ್ನೂ ನಾನೇ ಬೇಡವೆಂದೆ.

ಸಂಜೆ ಯಾಕೂಬ್ ಹಬ್ಬದ ಶಾವಿಗೆ ಪಾಯಸ, ಶೀರ್ ಖುರ್ಮಾ ತಂದು ಜಗಲಿಯ ಮೇಲಿಟ್ಟು, ಒಳಗೆ ಬಾರದೆ ಹೋದ. ಪಾತ್ರೆ ಇನ್ನೂ ಬೆಚ್ಚಗಿತ್ತು. ನೋಯುತ್ತಿದ್ದರೂ ಅದನ್ನು ಎದೆಗೊತ್ತಿಕೊಂಡು ಸುಮಾರು ಹೊತ್ತು ಕೂತಿದ್ದೆ.